ಸಹಾಯ ಬೇಕು: ಎಚ್‌ಎಂಟಿ ಲೇತ್ ಬೆಡ್‌ಗೆ ಕೈಯಲ್ಲೇ ಸ್ಕ್ರೇಪಿಂಗ್ ಮಾಡುತ್ತಿದ್ದರಾ?

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆ 1970ರ ದಶಕದಲ್ಲಿ ಬೆಂಗಳೂರಿನ ಜಾಲಹಳ್ಳಿ ಎಚ್‌ಎಂಟಿಯಲ್ಲಿ ಫಿಟ್ಟರ್ ಆಗಿದ್ದರು. ಲೇತ್ (ಲೋಹವನ್ನು ತಿರುಗಿಸಿ ಕಡಿಯುವ ಯಂತ್ರ) ಅಸೆಂಬ್ಲಿಯಲ್ಲಿ ಕೆಲಸ. ಈಗ ಅವರ ನೆನಪುಗಳನ್ನು ಬರೆದಿಡುತ್ತಿದ್ದೇನೆ. ಒಂದು ಕಡೆ ಸಿಕ್ಕಿಕೊಂಡಿದ್ದೇನೆ.

ಸ್ಕ್ರೇಪಿಂಗ್, ಅಂದರೆ ಲೋಹದ ಮೇಲ್ಮೈಯನ್ನು ಕೆರೆದು ಸಮತಟ್ಟು ಮಾಡುವ ವಿಷಯ ಬಂದರೆ ಅಪ್ಪನ ಮಾತು ನಿಲ್ಲುವುದೇ ಇಲ್ಲ. ಸರ್ಫೇಸ್ ಪ್ಲೇಟ್‌ಗೆ (ನಿಖರವಾಗಿ ಸಮತಟ್ಟಾದ ಫಲಕ) ಪ್ರಷ್ಯನ್ ಬ್ಲೂ ಎಂಬ ನೀಲಿ ಬಣ್ಣ ತೆಳ್ಳಗೆ ಸವರಬೇಕು. ಅದರ ಮೇಲೆ ಭಾಗವನ್ನು ಉಜ್ಜಬೇಕು. ನೀಲಿ ಹತ್ತಿದ ಉಬ್ಬುಗಳನ್ನು ಮಾತ್ರ ಸ್ಕ್ರೇಪರ್‌ನಿಂದ ಕೆರೆಯಬೇಕು. ಮತ್ತೆ ಬ್ಲೂ, ಮತ್ತೆ ಕೆರೆತ. ಪ್ರತಿ ಚದರ ಇಂಚಿನಲ್ಲಿ ಬೇಕಾದಷ್ಟು ಚುಕ್ಕೆ ಕಾಣುವ ತನಕ ಬಿಡುವಂತಿಲ್ಲ. ಕೆರೆದ ಸಣ್ಣ ಗುಳಿಗಳಲ್ಲಿ ಎಣ್ಣೆ ನಿಲ್ಲುವುದರಿಂದಲೇ ಸ್ಲೈಡ್ (ಜಾರುವ ಭಾಗ) ಸರಾಗವಾಗಿ ಓಡುತ್ತದಂತೆ. ಎಂಥ ಕೈಕೆಲಸ ಅಲ್ವಾ!

ಗೊಂದಲ ಇಲ್ಲಿದೆ. ಬೆಡ್ (ಲೇತ್‌ನ ಉದ್ದನೆಯ ತಳಭಾಗ) ಕೂಡ ಕೈಯಲ್ಲೇ ಕೆರೆಯುತ್ತಿದ್ದೆವು ಅಂತ ಅಪ್ಪ ಹೇಳುತ್ತಾರೆ. ಅವರ ಜೊತೆ ಕೆಲಸ ಮಾಡಿದ ಇನ್ನೊಬ್ಬರನ್ನು ಕೇಳಿದೆ. ಬೆಡ್ ಗ್ರೈಂಡಿಂಗ್ ಮೆಷಿನ್‌ನಲ್ಲೇ ಮುಗಿಯುತ್ತಿತ್ತು, ಬೆಡ್ ಮೇಲೆ ಜಾರುವ ಸ್ಯಾಡಲ್‌ನ ಅಡಿಭಾಗ ಮತ್ತು ಅದರ ಮೇಲೆ ಅಡ್ಡಲಾಗಿ ಓಡುವ ಕ್ರಾಸ್ ಸ್ಲೈಡ್‌ಗೆ ಮಾತ್ರ ಸ್ಕ್ರೇಪಿಂಗ್ ಅಂದರು. ಇಬ್ಬರೂ ಅನುಭವಿಗಳು, ಸುಮ್ನೆ ಹೇಳುವವರಲ್ಲ. ಎಚ್‌ಎಂಟಿ ಮ್ಯೂಸಿಯಂಗೂ ಹೋಗಿ ಬಂದೆ. ಅಲ್ಲಿ ಜಾಸ್ತಿ ಇರುವುದು ವಾಚುಗಳ ಕಥೆ.

ಆ ಕಾಲದಲ್ಲಿ ಅಲ್ಲಿ ಲೇತ್ ಅಸೆಂಬ್ಲಿಯಲ್ಲಿದ್ದವರು ಅಥವಾ ಅವರ ಮನೆಯವರು ಯಾರಾದರೂ ಇದ್ದೀರಾ? ಎಚ್22 ಲೇತ್‌ನ ಬೆಡ್‌ಗೆ ಕೈ ಸ್ಕ್ರೇಪಿಂಗ್ ಇತ್ತಾ, ಗ್ರೈಂಡಿಂಗ್ ಮಾತ್ರವಾ? ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ ಆಗುತ್ತಿತ್ತಾ?