ಎರಡು ಅಡಿಯ ಮೊದಲ ತೊಟ್ಟಿಯಲ್ಲಿ ಯಾವ ಮೀನುಗಳನ್ನು ಒಟ್ಟಿಗೆ ಬಿಡಬಹುದು?

ಹೊಸತೊಟ್ಟಿ:
ಎಲ್ಲರಿಗೂ ನಮಸ್ಕಾರ. ಮೊದಲ ಬಾರಿಗೆ ಮೀನು ಸಾಕಲು ಹೊರಟಿದ್ದೇನೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿಯಿದೆ. ಸ್ಪಂಜ್ ಫಿಲ್ಟರ್ ಮತ್ತು ಹೀಟರ್ ಎರಡನ್ನೂ ಅಳವಡಿಸಿದ್ದೇನೆ. ತಳಕ್ಕೆ ನಯವಾದ ಮರಳು ಹಾಸಿ, ನೀರು ತುಂಬಿಸಿ, ಒಂದು ವಾರದಿಂದ ಫಿಲ್ಟರ್ ಓಡಿಸುತ್ತಿದ್ದೇನೆ. ನೀರು ಈಗ ಬಹಳ ತಿಳಿಯಾಗಿದೆ. ನಾನು ಬರೆದಿಟ್ಟುಕೊಂಡಿರುವ ಪಟ್ಟಿಯಲ್ಲಿ ಎರಡು ಗೋಲ್ಡ್‌ಫಿಶ್, ಎರಡು ಏಂಜಲ್, ಆರು ನಿಯಾನ್ ಟೆಟ್ರಾ, ನಾಲ್ಕು ಟೈಗರ್ ಬಾರ್ಬ್, ಒಂದು ಗಂಡು ಫೈಟರ್ ಹಾಗೂ ಪಾಚಿ ತಿನ್ನಲೆಂದು ಒಂದು ಸಕ್ಕರ್ ಇವೆ. ಎಲ್ಲವೂ ಒಟ್ಟಿಗೆ ಇರುತ್ತವೆ ಎಂದು ಅಂಗಡಿಯವರು ಹೇಳಿದರು. ಇವುಗಳಲ್ಲಿ ಮೂರು ಬಗೆಯವು ಅಲ್ಲಿ ಒಂದೇ ತೊಟ್ಟಿಯಲ್ಲಿ ಇದ್ದುದನ್ನೂ ಕಂಡೆ. ಆದರೂ ಅನುಮಾನ ಹೋಗಿಲ್ಲ. ನಮ್ಮ ನೀರು ಗಡಸು, ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ಮರಳುತಳ:
ಕೊಳ್ಳುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಅಂಗಡಿಯ ತೊಟ್ಟಿಯಲ್ಲಿರುವುದು ಮರಿಗಳು, ಅವು ಅಲ್ಲಿ ಇರುವುದೂ ಕೆಲವೇ ದಿನ; ಆದ್ದರಿಂದ ಅಲ್ಲಿ ಕಂಡ ಸ್ನೇಹವನ್ನು ನಂಬಿ ಪಟ್ಟಿ ಮಾಡಬಾರದು.

ನಿಮ್ಮ ತೊಟ್ಟಿಯನ್ನು ಅಂಚಿನವರೆಗೆ ತುಂಬಿದರೆ ಸುಮಾರು 56 ಲೀಟರ್ ಹಿಡಿಯುತ್ತದೆ. ಮರಳನ್ನೂ ಮೇಲೆ ಬಿಡುವ ಜಾಗವನ್ನೂ ಕಳೆದರೆ ಮೀನಿಗೆ ಸಿಗುವ ನೀರು 45 ಲೀಟರ್ ಆಸುಪಾಸು. ಈ ಲೆಕ್ಕದಲ್ಲಿ ಗೋಲ್ಡ್‌ಫಿಶ್ ಮೊದಲು ಹೊರಗೆ. ಅದು 18ರಿಂದ 22 ಡಿಗ್ರಿಯ ತಂಪು ನೀರನ್ನು ಬಯಸುವ ಮೀನು, ಏಂಜಲ್ ಮತ್ತು ಫೈಟರ್‌ಗಳಿಗೆ 25ರ ಆಸುಪಾಸಿನ ಬೆಚ್ಚನೆಯ ನೀರು ಬೇಕು. ಹೀಟರನ್ನು ಎಲ್ಲಿಗೆ ತಿರುಗಿಸಿದರೂ ಒಬ್ಬರಿಗೆ ಅನ್ಯಾಯ. ಜೊತೆಗೆ ಅದು ಮಾಡುವ ಹೊಲಸು ಇಷ್ಟು ಸಣ್ಣ ತೊಟ್ಟಿಗೆ ತಡೆಯುವುದಿಲ್ಲ.

ಏಂಜಲ್ ಮೀನಿನ ವಿಷಯದಲ್ಲಿ ಅಡ್ಡಿಯಾಗುವುದು ಎತ್ತರ. ಬೆಳೆದ ಏಂಜಲ್ ಮೇಲಿನ ಈಜುರೆಕ್ಕೆಯ ತುದಿಯಿಂದ ಕೆಳಗಿನ ತುದಿಯವರೆಗೆ 20 ಸೆಂಟಿಮೀಟರ್ ದಾಟುವುದುಂಟು, ನಿಮ್ಮಲ್ಲಿ ಮರಳಿನ ಮೇಲೆ ಉಳಿಯುವ ನೀರಿನ ಆಳವೇ 25 ಸೆಂಟಿಮೀಟರ್ ಇರಬಹುದು. ಅಲ್ಲದೆ ಅದು ಸಿಕ್ಲಿಡ್ ಜಾತಿಯದು. ಮೂರು ಸೆಂಟಿಮೀಟರಿನ ನಿಯಾನ್ ಬಾಯಲ್ಲಿ ಹಿಡಿಸುವಷ್ಟು ದೊಡ್ಡದಾದ ದಿನ ಅದನ್ನು ಆಹಾರವೆಂದೇ ತಿಳಿಯುತ್ತದೆ. ಬೆಳಗ್ಗೆ ಎಣಿಸಿದಾಗ ಆರು ಐದಾಗಿರುತ್ತವೆ, ಹೆಣವೂ ಸಿಗುವುದಿಲ್ಲ.

ಟೈಗರ್ ಬಾರ್ಬ್ ಮತ್ತು ಫೈಟರ್ ಜೋಡಿಯಂತೂ ಬೇಡವೇ ಬೇಡ. ಬಾರ್ಬ್‌ಗಳು ಎಂಟು ಹತ್ತು ಇದ್ದರೆ ತಮ್ಮತಮ್ಮಲ್ಲೇ ಅಟ್ಟಾಡಿಕೊಂಡಿರುತ್ತವೆ. ನಾಲ್ಕೇ ಇದ್ದರೆ ಆ ತುಂಟತನವೆಲ್ಲ ಪಕ್ಕದ ಮೀನಿನ ಮೇಲೆ ತಿರುಗುತ್ತದೆ. ಫೈಟರ್‌ನ ಉದ್ದನೆಯ ಬಾಲ ನಿಧಾನವಾಗಿ ಅಲುಗುವುದನ್ನು ಕಂಡರೆ ಅವು ಕಚ್ಚದೆ ಬಿಡುವುದಿಲ್ಲ, ಹರಿದ ರೆಕ್ಕೆಗೆ ಸೋಂಕು ತಗಲುತ್ತದೆ.

ಸಕ್ಕರ್ ಎಂದು ಮಾರುವುದು ಬಹುತೇಕ ಸಾಮಾನ್ಯ ಪ್ಲೆಕೋ. ಬೆರಳುದ್ದದ ಆ ಮರಿ ಬೆಳೆದರೆ 30 ಸೆಂಟಿಮೀಟರ್ ಮೀರುತ್ತದೆ, ಅಂದರೆ ನಿಮ್ಮ ತೊಟ್ಟಿಯ ಅಗಲದಷ್ಟು. ತಿರುಗಲೂ ಅದಕ್ಕೆ ಜಾಗವಿರದು. ಅದು ತೊಟ್ಟಿಯನ್ನು ಸ್ವಚ್ಛ ಮಾಡುತ್ತದೆ ಎಂಬ ಮಾತನ್ನು ಅದರ ಹಿಕ್ಕೆಯ ರಾಶಿ ನೋಡಿದವರು ಯಾರೂ ಹೇಳಲಾರರು.

ಇನ್ನು ಗಡಸು ನೀರು. ಅದು ದೋಷವಲ್ಲ, ಆಯ್ಕೆಗೆ ಅದೇ ದಾರಿ ತೋರಿಸುತ್ತದೆ. ಗಪ್ಪಿ, ಪ್ಲಾಟಿ, ಮೋಲಿಗಳಿಗೆ ಗಡಸು ನೀರೇ ಹಿತ. ನಿಯಾನ್ ಮೂಲತಃ ಮೆದು, ತುಸು ಆಮ್ಲೀಯ ನೀರಿನದು. ಸಾಕಣೆಯಲ್ಲಿ ಹುಟ್ಟಿದವು ಹೊಂದಿಕೊಂಡರೂ, ಹೊಸ ತೊಟ್ಟಿಯ ಏರುಪೇರಿಗೆ ಮೊದಲು ಸಾಯುವವು ಅವೇ. ಆದ್ದರಿಂದ ಗಪ್ಪಿಗಳು ಆರು, ತಳದಲ್ಲಿ ಓಡಾಡಲು ಕಂಚಿನ ಬಣ್ಣದ ಕೋರಿಡೋರಸ್ ಆರು ಎಂದು ಇಟ್ಟುಕೊಳ್ಳಿ. ಎರಡಕ್ಕೂ 24 ಡಿಗ್ರಿ ಒಪ್ಪುತ್ತದೆ. ಕೋರಿಗಳು ಮೀಸೆಯಿಂದ ಮರಳು ಕೆದಕಿ ತಿನ್ನುವುದರಿಂದ ನೀವು ಚೂಪು ಕಲ್ಲು ಹಾಕದೆ ನಯವಾದ ಮರಳು ಹಾಸಿದ್ದು ಸರಿಯಾಗಿದೆ.

ಮರಿಗಳಅಜ್ಜಿ:
ಮೇಲಿನ ಸಲಹೆಗೆ ಒಂದೇ ತಿದ್ದುಪಡಿ: ಗಪ್ಪಿಗಳು ಆರೂ ಗಂಡೇ ಆಗಿರಲಿ. ಹೆಣ್ಣು ಗಪ್ಪಿ ಒಮ್ಮೆ ಕೂಡಿದ ಬಳಿಕ ಗಂಡಿನ ಬೀಜವನ್ನು ತಿಂಗಳುಗಟ್ಟಲೆ ಒಡಲಲ್ಲಿ ಇಟ್ಟುಕೊಳ್ಳಬಲ್ಲದು. ಇದನ್ನು ತಿಳಿಯದೆ ನಾನು ‘ಮರಿಗಳ ಗೊಡವೆಯೇ ಬೇಡ’ ಎಂದು ಮೂರು ಹೆಣ್ಣುಗಳನ್ನು ಮಾತ್ರ ತಂದೆ. ಮೂರನೆಯ ವಾರ ಗಿಡದ ಬುಡದಲ್ಲಿ ಕಣ್ಣು ಮಾತ್ರ ಕಾಣುವ ಕೂದಲೆಳೆಯಂಥ ಮರಿಗಳಿದ್ದವು; ವರ್ಷ ತುಂಬುವುದರೊಳಗೆ ಮೀನು ಬೇಕೇ ಎಂದು ಪರಿಚಿತರನ್ನೆಲ್ಲ ಕೇಳಿ ಮುಗಿಸಿದ್ದೆ. ಗಂಡನ್ನು ಗುರುತಿಸುವುದು ಸುಲಭ: ಹೊಟ್ಟೆಯ ಹಿಂಭಾಗದ ರೆಕ್ಕೆ ಬೀಸಣಿಗೆಯಂತೆ ಹರಡಿರದೆ ಕಡ್ಡಿಯಂತೆ ಇರುತ್ತದೆ. ಗಂಡುಗಳು ಎರಡೋ ಮೂರೋ ಇದ್ದರೆ ಒಂದನ್ನೊಂದು ಕಾಡುತ್ತವೆ, ಆರಿದ್ದರೆ ಆ ಕಾಟ ಹಂಚಿಹೋಗುತ್ತದೆ.

ನಿಧಾನಿ:
ಮೀನಿನ ಆಯ್ಕೆ ಸರಿಯಾಗಿದೆ, ಆದರೆ ತೊಟ್ಟಿ ಇನ್ನೂ ಸಿದ್ಧವಾಗಿಲ್ಲ. ಅಮೋನಿಯಾಕ್ಕೆ ಬಣ್ಣವಿಲ್ಲ, ತಿಳಿನೀರೂ ವಿಷವಾಗಿರಬಹುದು. ಮೀನಿನ ಹಿಕ್ಕೆಯಿಂದಲೂ ಕಿವಿರಿನಿಂದಲೂ ಹೊರಬೀಳುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿಯೂ, ಅದನ್ನು ಇನ್ನೊಂದು ಬಗೆಯವು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಅವು ಸ್ಪಂಜಿನಲ್ಲಿ ನೆಲೆಸಬೇಕಾದರೆ ಅವಕ್ಕೂ ಊಟ ಬೇಕು. ಬರಿಯ ನೀರನ್ನು ಒಂದು ವಾರ ತಿರುಗಿಸಿದರೆ ಅಲ್ಲಿ ಏನೂ ಬೆಳೆಯುವುದಿಲ್ಲ. ದಿನವೂ ಚಿಟಿಕೆಯಷ್ಟು ಮೀನಿನ ಆಹಾರ ಹಾಕಿ ಕೊಳೆಯಲು ಬಿಡಿ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹನಿ ಹಾಕಿ ನೋಡುವ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗಿಳಿದು ನೈಟ್ರೇಟ್ ಕಾಣಿಸಿಕೊಂಡ ಮೇಲೆಯೇ ಮೀನು ತನ್ನಿ.

ಫಿಲ್ಟರಿನ ಸ್ಪಂಜನ್ನು ಎಂದಿಗೂ ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ. ಕ್ಲೋರಿನ್ ಆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ನಾನು ಅದನ್ನು ಬೆಳ್ಳಗಾಗುವವರೆಗೆ ತೊಳೆದು ಹೆಮ್ಮೆಪಟ್ಟ ವಾರದಲ್ಲೇ ನಾಲ್ಕು ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗಿದವು, ಎರಡು ಉಳಿಯಲಿಲ್ಲ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿದರೆ ಸಾಕು.

ಹೊಸತೊಟ್ಟಿ:
ಎಲ್ಲರಿಗೂ ಕೃತಜ್ಞತೆಗಳು. ಫೈಟರನ್ನು ಬಿಟ್ಟುಕೊಡಲು ಮನಸ್ಸು ಒಪ್ಪುತ್ತಿಲ್ಲವಾದರೂ ಪಟ್ಟಿಯನ್ನು ಹರಿದುಹಾಕಿದ್ದೇನೆ. ಒಂದೇ ಅನುಮಾನ ಉಳಿದಿದೆ: ತೊಟ್ಟಿ ಸಿದ್ಧವಾದ ಮೇಲೆ ಹನ್ನೆರಡನ್ನೂ ಒಂದೇ ದಿನ ಬಿಡಬಹುದೇ?

ಮರಳುತಳ:
ಬೇಡ. ಮೊದಲು ಗಪ್ಪಿಗಳನ್ನು ಬಿಡಿ. ಎರಡು ವಾರ ಅಮೋನಿಯಾ ಸೊನ್ನೆಯಲ್ಲೇ ನಿಂತರೆ ಕೋರಿಗಳನ್ನು ತನ್ನಿ, ಅವು ಗುಂಪಿನ ಜೀವಿಗಳಾದ್ದರಿಂದ ಆರನ್ನೂ ಒಟ್ಟಿಗೇ. ಚೀಲವನ್ನು 15–20 ನಿಮಿಷ ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟು, ಆಮೇಲೆ ಸ್ವಲ್ಪಸ್ವಲ್ಪವಾಗಿ ತೊಟ್ಟಿಯ ನೀರನ್ನು ಅದಕ್ಕೆ ಬೆರೆಸಿ, ಕೊನೆಗೆ ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಿ. ಅಂಗಡಿಯ ನೀರು ತೊಟ್ಟಿಗೆ ಸೇರುವುದು ಬೇಡ. ಫೈಟರ್ ಅಷ್ಟು ಇಷ್ಟವಾದರೆ ಗಪ್ಪಿಗಳನ್ನೇ ಕೈಬಿಟ್ಟು, ಇದೇ ತೊಟ್ಟಿಯಲ್ಲಿ ಒಂದು ಫೈಟರ್ ಹಾಗೂ ಆರು ಕೋರಿಗಳನ್ನು ಇಟ್ಟುಕೊಳ್ಳಬಹುದು. ಎರಡನ್ನೂ ಬೆರೆಸಬೇಡಿ, ಏಕೆಂದರೆ ಗಂಡು ಗಪ್ಪಿಯ ಬಣ್ಣದ ಬಾಲವನ್ನು ನೋಡಿ ಫೈಟರ್ ಅದನ್ನು ತನ್ನ ಜಾತಿಯ ಗಂಡೆಂದೇ ಭ್ರಮಿಸಿ ಮೇಲೆರಗಬಹುದು.