ವೀಡ್ ಕಟ್ಟರ್‌ಗೆ ಯಾವ ಬ್ಲೇಡ್? 40 ಹಲ್ಲಿನದು ಹಾಕಿದರೆ ಮೆಷಿನ್ ನಡುಗುತ್ತಿದೆ

ತೋಟದ_ಹಾದಿ:
ಎಲ್ಲರಿಗೂ ನಮಸ್ಕಾರ. ಸಾಗರದ ಕಡೆ ನಮ್ಮ ಅಡಿಕೆ ತೋಟ. ಹೆಗಲಿಗೆ ಹಾಕಿಕೊಳ್ಳುವ 2 ಸ್ಟ್ರೋಕ್ ವೀಡ್ ಕಟ್ಟರ್ ಇದೆ. ಕೆಲಸ ಮೂರು ಕಡೆ: ತೋಟದೊಳಗೆ ಹುಲ್ಲು, ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡು) ಲಂಟಾನ ಮತ್ತು ಕಮ್ಯುನಿಸ್ಟ್ ಗಿಡದ ಪೊದೆ, ಆಮೇಲೆ ಗದ್ದೆಯ ಅಂಚು. ಮೆಷಿನ್ ಜೊತೆ ಬಂದ 3 ಹಲ್ಲಿನ ಬ್ಲೇಡ್ ಮುರಕಲ್ಲಿಗೆ ಬಡಿದು ಬಡಿದು ಮೊಂಡಾಗಿದೆ. ನೈಲಾನ್ ದಾರ ಹಾಕಿದರೆ ಪಟಪಟನೆ ತುಂಡಾಗುತ್ತದೆ. ಬೆಟ್ಟಕ್ಕೆ ಅಂತ 40 ಹಲ್ಲಿನದು ತಂದೆ. ಅದನ್ನು ಹಾಕಿದ ದಿನದಿಂದ ಮೆಷಿನ್ ಎಷ್ಟು ನಡುಗುತ್ತದೆ ಅಂದರೆ ಕೈ ಜೋಮು ಹಿಡಿಯುತ್ತದೆ. ಎಲ್ಲ ಕಡೆಗೂ ಆಗುವ ಒಂದೇ ಬ್ಲೇಡ್ ಇದೆಯಾ?

ಗುಡ್ಡೆಮನೆ:
ಬ್ಲೇಡ್ ಆಯ್ಕೆ ಆಮೇಲೆ ನೋಡೋಣ. ಮೊದಲು ಮೆಷಿನ್ ನಿಲ್ಲಿಸಿ ಮಾರಾಯ್ರೆ, ನಡುಗುವ ಬ್ಲೇಡಲ್ಲಿ ಕೆಲಸ ಮಾಡಬೇಡಿ. ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ತೆಗೆದಿಟ್ಟು ಬ್ಲೇಡ್ ಬಿಚ್ಚಿ. ನಟ್ ಸಾಮಾನ್ಯವಾಗಿ ಉಲ್ಟಾ ಥ್ರೆಡ್ ಇರುತ್ತದೆ, ಗಡಿಯಾರ ತಿರುಗುವ ಕಡೆಗೆ ತಿರುಗಿಸಿದರೆ ಸಡಿಲವಾಗುತ್ತದೆ. ಬ್ಲೇಡಿನ ನಡುವಿನ ತೂತು ಎಷ್ಟು, ಅದು ಕೂರುವ ಫ್ಲಾಂಜಿನ (ಬ್ಲೇಡ್ ಹಿಡಿಯುವ ಬಿಲ್ಲೆ) ಉಬ್ಬು ಎಷ್ಟು ಅಳೆದು ಹೇಳಿ. ಸಮತಟ್ಟಾದ ಗಾಜಿನ ಮೇಲಿಟ್ಟು ಬ್ಲೇಡ್ ಬಾಗಿದೆಯಾ ಅಂತಲೂ ನೋಡಿ.

ತೋಟದ_ಹಾದಿ:
ಬಾಗಿಲ್ಲ. ತೂತು 25.4 ಮಿ.ಮೀ. ಫ್ಲಾಂಜಿನ ಉಬ್ಬು 20. ಹಳೇ ಬ್ಲೇಡಿನ ತೂತೂ 20 ಇದೆ.

ಗುಡ್ಡೆಮನೆ:
ಹಾಗಾದರೆ ಸಿಕ್ಕಿತು. ಬ್ಲೇಡ್ ನಡುಮಧ್ಯ ಕೂತಿಲ್ಲ, ಒಂದು ಬದಿಗೆ ಸರಿದಿದೆ. ನಟ್ ಎಷ್ಟೇ ಬಿಗಿ ಮಾಡಿದರೂ ಇದು ಸರಿಹೋಗುವುದಿಲ್ಲ. ಮಾರುಕಟ್ಟೆಯಲ್ಲಿ 25.4 ತೂತಿನವೇ ಜಾಸ್ತಿ, ಕೆಲವು ಮೆಷಿನ್‌ಗೆ ಮಾತ್ರ 20 ಬೇಕು. ನಿಮ್ಮ ಮೆಷಿನ್‌ಗೆ ಹೊಂದುವ 25.4ರ ಫ್ಲಾಂಜ್ ಸಿಕ್ಕರೆ ಹಾಕಿ, ಇಲ್ಲವೇ 20ರ ಬ್ಲೇಡ್ ತನ್ನಿ. ಸಂದಿಗೆ ತಗಡು ಸುತ್ತುವ ಐಡಿಯಾ ಯಾರಾದರೂ ಕೊಟ್ಟರೆ ಕೇಳಬೇಡಿ. ಹಾಗೇ ಓಡಿಸಿದರೆ ಗೇರ್‌ಬಾಕ್ಸಿನ ಬೇರಿಂಗ್ ಹೋಗುತ್ತದೆ.

ಕರಡದ_ಬ್ಯಾಣ:
ಇನ್ನು ಆಯ್ಕೆ ವಿಷಯ. ಎಲ್ಲರೂ ಕಳೆ ನೋಡಿ ಬ್ಲೇಡ್ ಆರಿಸುತ್ತಾರೆ. ನಾನು ಕಳೆಯ ಅಡಿಯಲ್ಲಿ ಏನಿದೆ ಅಂತ ನೋಡುತ್ತೇನೆ. ಗುರಿ ತಪ್ಪಿದಾಗ ಬ್ಲೇಡ್ ಹೊಡೆಯುವುದು ಅದಕ್ಕೇ ಅಲ್ವಾ?

ತೋಟದೊಳಗೆ ಡ್ರಿಪ್ ಪೈಪ್, ಮುರಕಲ್ಲು, ಕಾಳುಮೆಣಸಿನ ಬಳ್ಳಿ ಇರುತ್ತವೆ. ಅಲ್ಲಿ ಕಬ್ಬಿಣದ ಬ್ಲೇಡ್ ಬೇಡ, ದಾರವೇ ಸರಿ. ತುಂಡಾಗುವುದಕ್ಕೆ ಎರಡು ಕಾರಣ ಇರಬಹುದು. ಒಂದು, ದಾರ ಒಣಗಿರುವುದು. ನೈಲಾನ್ ನೀರು ಕುಡಿಯುತ್ತದೆ, ಒಣಗಿದರೆ ಗರಿಗರಿಯಾಗಿ ಮುರಿಯುತ್ತದೆ. ರಾತ್ರಿ ಬಕೆಟ್ ನೀರಲ್ಲಿ ಹಾಕಿಟ್ಟು ಬೆಳಗ್ಗೆ ಸುತ್ತಿ. ಇನ್ನೊಂದು, ದಾರದ ತುದಿಯಲ್ಲಿ ಹೊಡೆಯದೆ ದಾರ ಸುತ್ತಿದ ತಲೆಯನ್ನೇ ಹುಲ್ಲಿಗೆ ನುಗ್ಗಿಸುವುದು. ತಲೆಯ ಹಿಂದೆ ಇರುವ ಗಾರ್ಡ್ (ರಕ್ಷಣೆಯ ಮುಚ್ಚಳ) ಇದೆಯೋ, ಬಿಚ್ಚಿಟ್ಟಿದ್ದೀರೋ? ನಮ್ಮ ಕಡೆ ಅರ್ಧ ಜನ ಬಿಚ್ಚುತ್ತಾರೆ. ಗಾರ್ಡಿನಲ್ಲಿರುವ ಚಿಕ್ಕ ಚಾಕು ಜಾಸ್ತಿ ಬಂದ ದಾರವನ್ನು ಕತ್ತರಿಸುತ್ತದೆ. ಅದಿಲ್ಲದಿದ್ದರೆ ದಾರ ಉದ್ದವಾಗಿ ಇಂಜಿನ್ ತಿಣುಕುತ್ತದೆ, ಕ್ಲಚ್ ಕಾಯುತ್ತದೆ.

ಒಂದು ಎಚ್ಚರಿಕೆ. ದಾರ ಮೆತ್ತಗೆ ಅಂತ ಮೆಣಸಿನ ಬುಡಕ್ಕೆ ಹೋಗಬೇಡಿ. ಬಳ್ಳಿಯ ಸಿಪ್ಪೆ ಸುಲಿದುಬಿಡುತ್ತದೆ. ಮಳೆಗಾಲದಲ್ಲಿ ಬುಡದ ಗಾಯ ಅಂದರೆ ಸೊರಗು ರೋಗಕ್ಕೆ ಬಾಗಿಲು ತೆರೆದಿಟ್ಟಂತೆ. ಎಳೆ ಅಡಿಕೆ ಸಸಿಗೂ ಅಷ್ಟೇ. ಬುಡದ ಸುತ್ತ ಒಂದು ಗೇಣು ಬಿಟ್ಟು, ಅಷ್ಟನ್ನು ಕತ್ತಿಯಲ್ಲಿ ಸವರಿ.

ಬೆಟ್ಟದಲ್ಲಿ ಕಾಂಡ ಹೆಬ್ಬೆರಳಿಗಿಂತ ತೆಳ್ಳಗಿದ್ದರೆ 3 ಹಲ್ಲಿನದು ಸಾಕು. ಕಲ್ಲಿಗೆ ಬಡಿದರೂ ಅರ ಹಾಕಿ ಸರಿಮಾಡಬಹುದು. ಮೂರೂ ಹಲ್ಲಿಗೆ ಒಂದೇ ಲೆಕ್ಕದಲ್ಲಿ ಉಜ್ಜಿ, ಒಂದಕ್ಕೆ ಜಾಸ್ತಿಯಾದರೆ ಮತ್ತೆ ನಡುಕ. ದಪ್ಪ ಲಂಟಾನಕ್ಕೆ 40 ಅಥವಾ 80 ಹಲ್ಲಿನ, ತುದಿಗೆ ಕಾರ್ಬೈಡ್ (ಬಹಳ ಗಟ್ಟಿ ವಸ್ತು) ಕೂರಿಸಿದ ಬ್ಲೇಡ್. ಆದರೆ ಅದರ ತುದಿ ಕಲ್ಲಿಗೆ ತಾಗಿದರೆ ಕಿತ್ತು ಹಾರುತ್ತದೆ. ಮಾಮೂಲಿ ಅರಕ್ಕೆ ಅದು ಜಗ್ಗುವುದಿಲ್ಲ, ವಜ್ರದ ಅರ ಬೇಕು. ಕಲ್ಲಿರುವ ಜಾಗದಲ್ಲಿ ನೆಲದಿಂದ ಮೇಲೆ ಕಡಿಯಿರಿ. ಲಂಟಾನ ಕಡಿದ ಕೂಳೆಯಿಂದ ಮತ್ತೆ ಚಿಗುರುತ್ತದೆ, ಬೇರು ಕೀಳುವ ಕೆಲಸ ಹೇಗೂ ಬಾಕಿ ಇರುತ್ತದೆ.

ಮಳೆಕಾಡು:
ಇಳಿಜಾರಿನ ಬಗ್ಗೆ ಸೇರಿಸುತ್ತೇನೆ. ಮೇಲಿಂದ ನೋಡಿದರೆ ಬ್ಲೇಡ್ ಗಡಿಯಾರಕ್ಕೆ ಉಲ್ಟಾ ತಿರುಗುತ್ತದೆ, ಕತ್ತರಿಸಿದ್ದು ಎಡಕ್ಕೆ ಬೀಳುತ್ತದೆ. ಇಳಿಜಾರಿನ ತಗ್ಗು ಎಡಗಡೆ ಇರುವಂತೆ ಅಡ್ಡಡ್ಡ ನಡೆಯಿರಿ, ಕೆಳಗಿನ ಸಾಲಿನಿಂದ ಶುರುಮಾಡಿ. ಕಡಿದದ್ದು ಕಡಿದ ಜಾಗಕ್ಕೇ ಉರುಳುತ್ತದೆ. ದಪ್ಪ ಕಾಂಡಕ್ಕೆ ಬ್ಲೇಡಿನ ಮುಂದಿನ ಬಲಭಾಗ, ಅಂದರೆ ಗಡಿಯಾರದ 12ರಿಂದ 3ರ ನಡುವಿನ ಜಾಗ, ತಾಗಿಸಬೇಡಿ. ಮೆಷಿನ್ ಒಮ್ಮೆಲೇ ಬಲಕ್ಕೆ ಒದೆಯುತ್ತದೆ. ಅಕ್ಕಪಕ್ಕ 15 ಮೀಟರ್ ಒಳಗೆ ಯಾರೂ ಇರಬಾರದು. ಹುಲ್ಲು ಹೊರಲು ಬಂದವರು ಹಿಂದೆಯೇ ನಿಲ್ಲುತ್ತಾರೆ, ಗದರಿಸಿ ಕಳಿಸಿ.

ಹೊಸ_ಗದ್ದೆ:
ಆನ್‌ಲೈನಲ್ಲಿ ಚೈನ್ ಜೋಡಿಸಿದ ತಲೆ ಬರುತ್ತದಲ್ಲ, ಲಂಟಾನಕ್ಕೆ ಅದು ಹೇಗೆ?

ಮಳೆಕಾಡು:
ಬೇಡವೇ ಬೇಡ. ಕೊಂಡಿ ಕಳಚಿದರೆ ಗುಂಡಿನ ಹಾಗೆ ಹಾರುತ್ತದೆ. ಕಬ್ಬಿಣದ ತುಂಡುಗಳನ್ನು ಕೊಂಡಿಯಲ್ಲಿ ಜೋಡಿಸಿದ ಇಂಥ ತಲೆಗಳ ಮಾರಾಟವನ್ನು ಯುರೋಪಿಯನ್ ಒಕ್ಕೂಟ 2012ರಲ್ಲೇ ನಿಷೇಧಿಸಿದೆ.

ಹೊಸ_ಗದ್ದೆ:
ಸರಿ, ಬಿಟ್ಟೆ. ಯೂಟ್ಯೂಬಲ್ಲಿ ಯುರೋಪಿನವರು ಉದ್ದ ಹಿಡಿಯ ದೊಡ್ಡ ಕುಡುಗೋಲು ಬೀಸುತ್ತಾರಲ್ಲ, ಪೆಟ್ರೋಲೂ ಬೇಡ, ಸದ್ದೂ ಇಲ್ಲ. ಅದು ನಮ್ಮಲ್ಲಿ ಆಗಬಹುದಾ?

ಕರಡದ_ಬ್ಯಾಣ:
ಬ್ಯಾಣದ (ಹುಲ್ಲುಗಾವಲಿನ) ಹುಲ್ಲಿಗೆ ಆಗಬಹುದು, ಅದೂ ಕಲ್ಲಿಲ್ಲದಿದ್ದರೆ. ಅವರ ಹುಲ್ಲಿನ ಅಲಗು 65-75 ಸೆಂ.ಮೀ. ಉದ್ದ, ಅಂಚನ್ನು ಸುತ್ತಿಗೆಯಲ್ಲಿ ಬಡಿದು ಕಾಗದದಂತೆ ತೆಳು ಮಾಡಿರುತ್ತಾರೆ. ಮುರಕಲ್ಲಿಗೆ ತಾಗಿದರೆ ಮುಕ್ಕಾಗುತ್ತದೆ. ಪೊದೆಗೆ 40-50 ಸೆಂ.ಮೀ.ನ ದಪ್ಪ ಅಲಗು ಬೇರೆ ಇದೆ. 9 ಅಡಿ ಅಂತರದ ಅಡಿಕೆ ಸಾಲಿನಲ್ಲಿ, ಮೆಣಸಿನ ಬಳ್ಳಿ ತಪ್ಪಿಸಿಕೊಂಡು ಬೀಸುವುದು ಕಷ್ಟ.

ತೋಟದ_ಹಾದಿ:
20ರ ತೂತಿನ 40 ಹಲ್ಲಿನ ಬ್ಲೇಡ್ ತರಿಸಿ ಹಾಕಿದೆ. ನಡುಕ ಪೂರ್ತಿ ಹೋಯಿತು. ದಾರ ನೆನೆಸಿದ ಮೇಲೆ ತುಂಡಾಗುವುದೂ ಕಡಿಮೆಯಾಗಿದೆ. ಗಾರ್ಡ್ ಕೊಟ್ಟಿಗೆಯ ಅಟ್ಟದಲ್ಲಿತ್ತು, ಹಾಕಿದ್ದೇನೆ. ಗದ್ದೆಯ ಅಂಚಿನದು ಬಾಕಿ ಉಳಿಯಿತು.

ಗುಡ್ಡೆಮನೆ:
ಅಂಚಿನ ಹುಲ್ಲಿಗೆ ಹಳೇ 3 ಹಲ್ಲಿನದೇ ಅರ ಹಾಕಿ ಬಳಸಿ. ಎದೆಯುದ್ದ ಬೆಳೆದಿದ್ದರೆ ಒಂದೇ ಸಲ ಬುಡಕ್ಕೆ ಹೋಗಬೇಡಿ. ಮೊದಲು ಮೇಲರ್ಧ, ಆಮೇಲೆ ಕೆಳಗರ್ಧ. ಗೇರ್‌ಬಾಕ್ಸಿಗೆ ಬಳ್ಳಿ ಸುತ್ತುವುದು ಇದರಿಂದ ಬಹಳ ಕಡಿಮೆಯಾಗುತ್ತದೆ. ಭತ್ತ ಕೊಯ್ಯುವ ಯೋಚನೆ ಇದ್ದರೆ ಆ 40 ಹಲ್ಲಿನ ಬ್ಲೇಡಿಗೆ ಪೈರನ್ನು ಒಂದು ಬದಿಗೆ ಮಲಗಿಸುವ ತಡಿಕೆ ಸಿಗುತ್ತದೆ. ತರುವ ಮುಂಚೆ ಅದು ನಿಮ್ಮ ಮೆಷಿನ್‌ಗೆ ಕೂರುತ್ತದಾ ಅಂತ ಅಳತೆ ನೋಡಿ.