ಅಮೆರಿಕದ ಬ್ಲೂಸ್ ಹಬ್ಬಕ್ಕೆ ಹೋಗುತ್ತಿದ್ದೇನೆ, ಯಾರನ್ನು ತಪ್ಪದೆ ಕೇಳಬೇಕು?

ಸಾಗರದ_ಡೊಳ್ಳು
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಅಮೆರಿಕದ ಮೆಂಫಿಸ್‌ನಲ್ಲಿದ್ದಾನೆ. ಅಕ್ಟೋಬರ್‌ನಲ್ಲಿ ಅವನ ಮನೆಗೆ ಹೋಗುತ್ತಿದ್ದೇನೆ. ಆಗಲೇ ಆರ್ಕನ್ಸಾದ ಹೆಲೆನಾ ಅನ್ನುವ ಊರಲ್ಲಿ ಕಿಂಗ್ ಬಿಸ್ಕೆಟ್ ಬ್ಲೂಸ್ ಹಬ್ಬ ನಡೆಯುತ್ತದಂತೆ, ಟಿಕೆಟ್ ಕೂಡ ತೆಗೆದಿಟ್ಟಿದ್ದಾನೆ. ಊರಲ್ಲಿ ಡೊಳ್ಳು ಬಾರಿಸುತ್ತೇನೆ, ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆಯವರ ಜೊತೆ ರಾತ್ರಿಯಿಡೀ ಮನೆ ಮನೆ ತಿರುಗಿ ಹಾಡುತ್ತೇನೆ, ನನ್ನ ಸಂಗೀತ ಅಷ್ಟೇ. ಗಿಟಾರ್‌ನ ಬಿ.ಬಿ. ಕಿಂಗ್ ಹೆಸರು ಬಿಟ್ಟರೆ ಅಮೆರಿಕದ ಕಪ್ಪು ಜನರ ಈ ಬ್ಲೂಸ್ ಸಂಗೀತದ ಬಗ್ಗೆ ಏನೂ ಗೊತ್ತಿಲ್ಲ. ಒಂದೇ ಹೊತ್ತಿಗೆ ಬೇರೆ ಬೇರೆ ವೇದಿಕೆಯಲ್ಲಿ ಹಾಡುತ್ತಾರಂತೆ, ಹಾಗಾಗಿ ಯಾರನ್ನು ಬಿಡಬಾರದು ಹೇಳಿ. ಇನ್ನೊಂದು ಮಾತು, ಬೈಯಬೇಡಿ: ಯೂಟ್ಯೂಬ್‌ನಲ್ಲಿ ಕೇಳಿದ ಹಾಡೆಲ್ಲ ನನಗೆ ಒಂದೇ ಥರ ಕೇಳಿಸಿತು.

ತುಂಗೆ_ಗಿಟಾರ್
ಒಂದೇ ಥರ ಕೇಳಿಸಿದರೆ ಆಶ್ಚರ್ಯ ಇಲ್ಲ. ಬಹಳಷ್ಟು ಹಾಡುಗಳ ಅಳತೆಯೇ ಒಂದು. 12 ಬಾರ್ (ನಮ್ಮ ಆವರ್ತದ ಹಾಗೆ ತಾಳದ ಅಳತೆ), ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಒಂದು ಸಾಲು ಹಾಡುತ್ತಾರೆ, ಅದನ್ನೇ ಇನ್ನೊಮ್ಮೆ ಹಾಡುತ್ತಾರೆ, ಮೂರನೇ ಸಾಲಲ್ಲಿ ಅದಕ್ಕೆ ಉತ್ತರ. ಪ್ರತಿ ಸಾಲು ಮುಗಿದ ಮೇಲೆ ಸ್ವಲ್ಪ ಜಾಗ ಖಾಲಿ ಇರುತ್ತದೆ, ಅಲ್ಲಿ ಗಿಟಾರೋ ಮೌತ್ ಆರ್ಗನ್ನೋ ಮಾತಾಡುತ್ತದೆ. ಆ ಜಾಗದಲ್ಲಿ ಯಾರು ಏನು ಮಾಡುತ್ತಾರೆ ಅಂತ ಕಿವಿ ಕೊಡಿ.

ಹೆಸರು ಬೇಕಂದರೆ, ಮೊದಲು ಗಿಟಾರ್‌ನ ಕ್ರಿಸ್ಟೋನ್ 'ಕಿಂಗ್‌ಫಿಶ್' ಇಂಗ್ರಾಮ್. ಹುಟ್ಟಿದ್ದು 1999ರಲ್ಲಿ, ಹೆಲೆನಾದಿಂದ ಮಿಸಿಸಿಪ್ಪಿ ನದಿ ದಾಟಿದರೆ ಸಿಗುವ ಕ್ಲಾರ್ಕ್ಸ್‌ಡೇಲ್‌ನಲ್ಲಿ. ಅಲ್ಲಿನ ಡೆಲ್ಟಾ ಬ್ಲೂಸ್ ಮ್ಯೂಸಿಯಂನವರು ಮಕ್ಕಳಿಗೆ ನಡೆಸುವ ಕ್ಲಾಸಿನಲ್ಲಿ ಕಲಿತ ಹುಡುಗ, 2022ರಲ್ಲಿ ಗ್ರ್ಯಾಮಿ ಪ್ರಶಸ್ತಿ ಗೆದ್ದ. ಆಮೇಲೆ ಬಾಬಿ ರಶ್. 1933ರಲ್ಲಿ ಹುಟ್ಟಿದವರು, ಮೊದಲ ಗ್ರ್ಯಾಮಿ ಬಂದದ್ದು 83ನೇ ವಯಸ್ಸಿನಲ್ಲಿ! ಹಾಡಿಗಿಂತ ಜಾಸ್ತಿ ತಮಾಷೆ ಮಾಡುತ್ತಾರೆ, ಸ್ವಲ್ಪ ಪೋಲಿ ತಮಾಷೆ. ತಮ್ಮನ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ. ಇವರಿಬ್ಬರಲ್ಲಿ ಒಬ್ಬರು ಈ ಸಲದ ಪಟ್ಟಿಯಲ್ಲಿದ್ದರೂ ನದಿ ದಂಡೆಯ ಏರಿ ಮೇಲಿನ ಹುಲ್ಲಿನಲ್ಲಿ ಬೇಗ ಹೋಗಿ ಜಾಗ ಹಿಡಿಯಿರಿ.

ಹೊಸನಗರದ_ಮಳೆ
ಗಿಟಾರ್‌ನವರು ಗಿಟಾರ್‌ನವರನ್ನೇ ಹೇಳುತ್ತಾರೆ ಬಿಡಿ. ಕಿಂಗ್‌ಫಿಶ್ ಚೆನ್ನಾಗಿ ಬಾರಿಸುತ್ತಾನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಡೊಳ್ಳು ಬಾರಿಸುವವರಿಗೆ ಹತ್ತು ನಿಮಿಷದ ಗಿಟಾರ್ ಸೋಲೋ ಯಾಕೆ? ನೀವು ಕೇಳಬೇಕಾದ್ದು ಮಿಸಿಸಿಪ್ಪಿ ರಾಜ್ಯದ ಉತ್ತರದ ಗುಡ್ಡದ ಕಡೆಯವರನ್ನು. ಹಿಲ್ ಕಂಟ್ರಿ ಬ್ಲೂಸ್ ಅಂತಾರೆ. ಅಲ್ಲಿ ಮೂರು ಕಾರ್ಡಿನ ಲೆಕ್ಕ ಇಲ್ಲ. ಎಷ್ಟೋ ಹಾಡು ಒಂದೇ ಕಾರ್ಡಿನ ಮೇಲೆ ನಿಂತು, ಒಂದೇ ನಡೆಯನ್ನು ತಿರುಗಿಸಿ ತಿರುಗಿಸಿ, ಕೇಳುವವರ ಕಾಲು ತಾನೇ ಕುಣಿಯುವ ತನಕ ಬಿಡುವುದಿಲ್ಲ. ಸೆಡ್ರಿಕ್ ಬರ್ನ್‌ಸೈಡ್ ಹೆಸರು ಬರೆದಿಟ್ಟುಕೊಳ್ಳಿ. ಅವರಜ್ಜ ಆರ್.ಎಲ್. ಬರ್ನ್‌ಸೈಡ್ ಈ ಶೈಲಿಯ ದೊಡ್ಡ ಹೆಸರು. ಮೊಮ್ಮಗ ಹುಡುಗನಾಗಿದ್ದಾಗಲೇ ಅಜ್ಜನ ಹಿಂದೆ ಕೂತು ಡ್ರಮ್ಸ್ ಬಾರಿಸುತ್ತಿದ್ದ, ಗಿಟಾರ್ ಹಿಡಿದದ್ದು ಆಮೇಲೆ. ಅದಕ್ಕೇ ಅವನ ಗಿಟಾರ್‌ನಲ್ಲೂ ಡ್ರಮ್ ಪೆಟ್ಟೇ ಕೇಳಿಸುತ್ತದೆ.

ಅದೇ ಕಡೆ ಕೊಳಲು ಮತ್ತು ಡ್ರಮ್‌ಗಳ ಮೇಳ ಇದೆ. ಗಿಟಾರೇ ಇಲ್ಲ. ಆಥಾ ಟರ್ನರ್ ಅಂತ ಒಬ್ಬ ರೈತ, 2003ರಲ್ಲಿ ತೀರಿಕೊಂಡರು. ಬಿದಿರಿನ ಜಾತಿಯ ಕಡ್ಡಿ ಕಡಿದು, ಕಬ್ಬಿಣದ ಸರಳು ಕೆಂಪಗೆ ಕಾಯಿಸಿ, ಒಂದೊಂದೇ ತೂತು ಸುಟ್ಟು ಕೊಳಲು ಮಾಡಿಕೊಳ್ಳುತ್ತಿದ್ದರು. ವರ್ಷಕ್ಕೊಮ್ಮೆ ಮನೆಯ ಹತ್ತಿರ ಆಡು ಕಡಿದು ಊಟ ಹಾಕಿ, ಅಂಗಳದಲ್ಲಿ ಮೇಳ ಕಟ್ಟಿಕೊಂಡು ಸುತ್ತು ಹಾಕುತ್ತಾ ರಾತ್ರಿ ತನಕ ಬಾರಿಸುವುದು. ದೊಡ್ಡ ಡ್ರಮ್ ಹೆಗಲಿಗೆ ನೇತುಹಾಕಿಕೊಂಡು, ಹಿಂದೆ ಜನ ಕುಣಿಯುತ್ತಾ. ವಿಡಿಯೋ ನೋಡಿ, ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಈಗ ಮೊಮ್ಮಗಳು ಶಾರ್ಡೇ ಥಾಮಸ್ ಆ ಮೇಳ ನಡೆಸುತ್ತಾಳೆ. ದಕ್ಷಿಣ ಕೆರೊಲಿನಾದ 1740ರ ಕಾನೂನು ಕಪ್ಪು ಗುಲಾಮರು ಡ್ರಮ್ ಇಟ್ಟುಕೊಳ್ಳುವುದನ್ನೇ ನಿಷೇಧಿಸಿತ್ತು, ಡ್ರಮ್ ಸದ್ದಿಗೆ ಜನ ಸೇರಿ ದಂಗೆ ಏಳುತ್ತಾರೆ ಅನ್ನುವ ಹೆದರಿಕೆ. ಅಂಥ ದೇಶದಲ್ಲಿ ಈ ಬಡಿತ ಉಳಿದುಕೊಂಡಿದೆ ಅಲ್ವಾ, ಅದನ್ನು ಬಿಟ್ಟು ಬರಬೇಡಿ.

ಮಲೆನಾಡ_ಮೊಂಡ
ಅಷ್ಟು ದೂರ ಹೋಗಿ ಗೋಳಿನ ಹಾಡು ಕೇಳಬೇಕಾ? ಬ್ಲೂಸ್ ಬೇಕಂದರೆ ಮುಂಬೈಯಲ್ಲೇ ಮಹೀಂದ್ರಾದವರು 2011ರಿಂದ ಹಬ್ಬ ಮಾಡಿದ್ದಾರೆ, ಮೊದಲ ವರ್ಷವೇ ದೊಡ್ಡ ಬ್ಲೂಸ್ ಗಿಟಾರ್‌ವಾದಕ ಬಡ್ಡಿ ಗೈ ಬಂದಿದ್ದರು.

ಹೊಸನಗರದ_ಮಳೆ
@ಮಲೆನಾಡ_ಮೊಂಡ ಗೋಳು ಅಂತ ಯಾರು ಹೇಳಿದ್ದು? ದಿನವಿಡೀ ಹತ್ತಿ ಬಿಡಿಸಿ ಬಂದವರು ಶನಿವಾರ ರಾತ್ರಿ ಕುಣಿಯಲಿಕ್ಕೆ ಇಟ್ಟುಕೊಂಡ ಸಂಗೀತ ಅದು. ಮುಂಬೈಯದು ಸ್ಟುಡಿಯೋ ಒಳಗಿನ ಹಬ್ಬ, ಚೆನ್ನಾಗಿತ್ತು, ಆದರೆ ಅವರ ತಮ್ಮ ಇರುವುದು ಮೆಂಫಿಸ್‌ನಲ್ಲಿ ಮಾರಾಯ್ರೆ.

ರೇಡಿಯೋ_ಭಕ್ತ
ಹೆಲೆನಾಗೆ ಹೋಗುವವರು ಹಬ್ಬದ ಹೆಸರು ಎಲ್ಲಿಂದ ಬಂತು ಅಂತ ತಿಳಿದು ಹೋಗಿ. ಕಿಂಗ್ ಬಿಸ್ಕೆಟ್ ಅನ್ನುವುದು ಒಂದು ಹಿಟ್ಟಿನ ಬ್ರ್ಯಾಂಡ್. ಅದರ ಜಾಹೀರಾತಿಗೆ ಅಂತ 1941ರಲ್ಲಿ ಅಲ್ಲಿನ ಕೆಎಫ್‌ಎಫ್‌ಎ ರೇಡಿಯೋದಲ್ಲಿ ಮಧ್ಯಾಹ್ನ 12:15ಕ್ಕೆ ಕಾರ್ಯಕ್ರಮ ಶುರುವಾಯಿತು, ಹೊಲದ ಕೂಲಿಯವರು ಊಟಕ್ಕೆ ಕೂರುವ ಹೊತ್ತಿಗೆ ಸರಿಯಾಗಿ. ಸನ್ನಿ ಬಾಯ್ ವಿಲಿಯಮ್ಸನ್ ಮೌತ್ ಆರ್ಗನ್, ರಾಬರ್ಟ್ ಲಾಕ್‌ವುಡ್ ಗಿಟಾರ್, ನೇರ ಪ್ರಸಾರ. ಬಿ.ಬಿ. ಕಿಂಗ್ ಕೂಡ ಹೊಲದಲ್ಲಿ ಕೆಲಸ ಮಾಡುವಾಗ ಅದನ್ನು ಕೇಳಿಯೇ ಬೆಳೆದವರು. ಭದ್ರಾವತಿ ಆಕಾಶವಾಣಿಯ ಜಾನಪದ ಕೇಳಿ ಹಾಡು ಕಲಿತವರು ನಮ್ಮಲ್ಲೂ ಎಷ್ಟು ಜನ ಇದ್ದಾರೆ! ಸನ್ನಿ ಪೇನ್ ಅನ್ನುವವರು 1951ರಿಂದ 2018ರಲ್ಲಿ ತೀರಿಕೊಳ್ಳುವ ತನಕ ಅದನ್ನು ನಡೆಸಿದರು. ಹಬ್ಬ ಶುರುವಾದದ್ದು 1986ರಲ್ಲಿ.

ಅದಕ್ಕೇ ನನ್ನ ಓಟು ಮೌತ್ ಆರ್ಗನ್‌ನವರಿಗೆ. ಹತ್ತಿರ ನಿಂತು ನೋಡಿ. ಹಾಡು ಇ ಶ್ರುತಿಯಲ್ಲಿದ್ದರೆ ಕೈಯಲ್ಲಿ ಎ ಶ್ರುತಿಯ ವಾದ್ಯ ಇರುತ್ತದೆ. ಊದುವುದಕ್ಕಿಂತ ಉಸಿರು ಒಳಗೆ ಎಳೆಯುವುದೇ ಜಾಸ್ತಿ, ಎಳೆಯುವಾಗ ನಾಲಿಗೆ ಹಿಂದಕ್ಕೆ ತೆಗೆದು ಸ್ವರವನ್ನು ಕೆಳಗೆ ಬಗ್ಗಿಸುತ್ತಾರೆ.

ಗಮಕದ_ಕಿವಿ
ಆ ಬಗ್ಗಿಸಿದ ಸ್ವರವೇ ಅಸಲು ವಿಷಯ. ಸ್ವರಗಳನ್ನು ನೋಡಿದರೆ ಸುಮ್ನೆ ನಮ್ಮ ಶುದ್ಧ ಧನ್ಯಾಸಿ ರಾಗ: ಸ, ಗ, ಮ, ಪ, ನಿ. ಆದರೆ ಗಾಂಧಾರ (ಗ) ಮಾತ್ರ ಸಾಧಾರಣಕ್ಕೂ (ಕೆಳಗಿನ ಗ) ಅಂತರಕ್ಕೂ (ಮೇಲಿನ ಗ) ಮಧ್ಯ ಎಲ್ಲೋ ನಿಲ್ಲುತ್ತದೆ. ಹಾರ್ಮೋನಿಯಂನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಸಾಗರದ_ಡೊಳ್ಳು
ಎಲ್ಲರಿಗೂ ಥ್ಯಾಂಕ್ಸ್. ಟರ್ನರ್ ಮೇಳದ ವಿಡಿಯೋವನ್ನು ನಿನ್ನೆ ನಮ್ಮ ತಂಡದವರಿಗೆ ತೋರಿಸಿದೆ. ನಮ್ಮ ಹಿರಿಯರೊಬ್ಬರು ಎರಡು ಸಲ ನೋಡಿ, "ಪೆಟ್ಟು ಸರಿ ಇದೆ, ಕುಣಿತ ಸಾಲದು" ಅಂದರು. ಶಾರ್ಡೇ, ಸೆಡ್ರಿಕ್ ಇಬ್ಬರಲ್ಲಿ ಯಾರು ಬಂದರೂ ಕಿಂಗ್‌ಫಿಶ್‌ನನ್ನು ಬಿಟ್ಟು ಅಲ್ಲಿಗೇ ಹೋಗುತ್ತೇನೆ, ಗಿಟಾರ್‌ನವರು ಕ್ಷಮಿಸಬೇಕು. ಕ್ಲಾರ್ಕ್ಸ್‌ಡೇಲ್‌ಗೂ ಒಂದು ದಿನ ಇಟ್ಟುಕೊಂಡಿದ್ದೇವೆ. ಮ್ಯೂಸಿಯಂ ಬಿಟ್ಟು ಅಲ್ಲಿ ಇನ್ನೇನು ನೋಡಬಹುದು?